ಬಾಳೆಹಣ್ಣಿಗೆ ಎತ್ತಿದ ಕೈಗಳು

ಹೊಸಪೇಟೆ ಅಂದರೆ ಹೊರಗಿನವರಿಗೆ ಹಂಪಿ, ತುಂಗಭದ್ರಾ ಅಣೆಕಟ್ಟು, ಸಂಡೂರಿನ ಕೆಂಪು ಧೂಳು ಹೊತ್ತ ಲಾರಿ. ಮೊಟ್ಟೆ ವ್ಯಾಪಾರದವರಿಗೆ ಹೊಸಪೇಟೆ ಅಂದರೆ ಒಂದು ದರ. ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಹೊರಡಿಸುವ ದರಪಟ್ಟಿಯಲ್ಲಿ ನಾಮಕ್ಕಲ್, ಹೈದರಾಬಾದ್, ಬೆಂಗಳೂರು, ಮೈಸೂರಿನ ಜೊತೆ ಹೊಸಪೇಟೆಯ ಹೆಸರೂ ಇರುತ್ತದೆ. ಸುತ್ತಲಿನ ಬಯಲಿನಲ್ಲಿ ಉದ್ದುದ್ದ ಕೋಳಿ ಶೆಡ್ಡುಗಳಿವೆ. ಕಂಪ್ಲಿ, ಗಂಗಾವತಿ, ಸಿರುಗುಪ್ಪದ ರೈಸ್‌ಮಿಲ್ಲುಗಳ ತೌಡು, ನುಚ್ಚು ಕೋಳಿಮೇವಿಗೆ ಹೋಗುತ್ತದೆ. ಶೆಡ್ಡಿನ ಗೊಬ್ಬರ ಟ್ರ್ಯಾಕ್ಟರ್ ಹತ್ತಿ ತಿರುಗಿ ಗದ್ದೆಗೆ, ಬಾಳೆತೋಟಕ್ಕೆ ಬರುತ್ತದೆ. ಎಮ್ಮಿಗನೂರಿನ ನಮ್ಮ ಗದ್ದೆಗೂ ಅದು ಬಿದ್ದಿದೆ. ಆ ಗದ್ದೆಯ ಸೋನಾ ಮಸೂರಿ ಉಣ್ಣುತ್ತಲೇ ನಾನು, ನನ್ನ ತಟ್ಟೆಗೂ ಪ್ರಾಣಿಗಳಿಗೂ ಯಾವ ಸಂಬಂಧವೂ ಉಳಿದಿಲ್ಲ ಎಂದು ಕಂಡಕಂಡವರಿಗೆ ಹೇಳಿಕೊಂಡು ಓಡಾಡಿದೆ.

ಹೇಳಿಕೊಂಡು ಓಡಾಡಿದ್ದು ಸಣ್ಣ ತಪ್ಪು. ದೊಡ್ಡದನ್ನು ಶಾಲೆಯಲ್ಲಿ ಮಾಡಿದೆ, ಮಕ್ಕಳ ಮೇಲೆ ಮಾಡಿದೆ.

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ವಿಜ್ಞಾನ ಮೇಷ್ಟ್ರು. ಶಾಲೆ ಕಂಪ್ಲಿ ತಾಲೂಕಿನ ಒಂದು ಹಳ್ಳಿಯಲ್ಲಿದೆ, ಹೆಸರು ಬೇಡ. ನಮ್ಮದು ಲಿಂಗಾಯತರ ಮನೆ. ಮೊಟ್ಟೆ, ಮಾಂಸ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ಹಾಗಾಗಿ ಅವನ್ನು ಬಿಟ್ಟೆ ಎನ್ನುವ ಹೆಗ್ಗಳಿಕೆ ನನಗಿಲ್ಲ. ತಿಂದೇ ಇರದದ್ದನ್ನು ಬಿಡುವುದೇನು? ನಾನಾಗಿ ಬಿಟ್ಟದ್ದು ಹಾಲನ್ನು. ಅದಕ್ಕೆ ಒಂದು ಎಮ್ಮೆ ಕಾರಣ.

ನಾನು ಚಿಕ್ಕವನಿದ್ದಾಗ ಮನೆಯ ಎಮ್ಮೆಯ ಕರು ಸತ್ತಿತ್ತು. ಗಂಡುಗರು. ಗಂಡುಗರುಗಳು ಸಾಯುವುದು ಹೊಸದೇನಲ್ಲ. ತಾಯಿ ತೊರೆ ಬಿಡಲಿ ಎಂದು ಎರಡು ಗುಟುಕು ಕುಡಿಸಿ ಎಳೆದು ಕಟ್ಟುತ್ತಾರೆ, ಉಳಿದರೆ ಉಳಿಯಿತು. ಆದರೆ ಕರು ಕಾಣದೆ ಎಮ್ಮೆ ತೊರೆ ಬಿಡದು. ಅದಕ್ಕೆ ಯಾರೋ ಆ ಕರುವಿನ ಚರ್ಮ ಸುಲಿದು, ಉಪ್ಪು ಸವರಿ ಒಣಗಿಸಿ, ಒಳಗೆ ಭತ್ತದ ಹುಲ್ಲು ತುಂಬಿ ಹೊಲಿದು ತಂದುಕೊಟ್ಟರು. ಕಾಲಿನ ಜಾಗದಲ್ಲಿ ನಾಲ್ಕು ಕೋಲು. ಅಪ್ಪ ದಿನಾ ಎರಡು ಹೊತ್ತು ಅದನ್ನು ಎಮ್ಮೆಯ ಮೂತಿಯ ಹತ್ತಿರ ನಿಲ್ಲಿಸುತ್ತಿದ್ದ. ಎಮ್ಮೆ ನೆಕ್ಕುತ್ತಿತ್ತು. ನೆಕ್ಕಿ ನೆಕ್ಕಿ ಕತ್ತಿನ ಹತ್ತಿರ ಕೂದಲು ಹೋಗಿ ದಬ್ಬಣದ ಹೊಲಿಗೆ ಕಾಣುತ್ತಿತ್ತು. ಹಾಲಿಗೇನೂ ಕೊರತೆಯಾಗಲಿಲ್ಲ. ಆ ಹಾಲು ಕುಡಿದೇ ನಾನು ಶಾಲೆಗೆ ಹೋದೆ.

ಆ ಹೊಲಿಗೆ ಮತ್ತೆ ನೆನಪಿಗೆ ಬಂದದ್ದು ದೊಡ್ಡವನಾದ ಮೇಲೆ, ವಿರೂಪಾಪುರ ಗಡ್ಡೆಯಲ್ಲಿ. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು ಅಲ್ಲಿನ ರೆಸಾರ್ಟುಗಳನ್ನು ಕೆಡವಿದರು. ಅದಕ್ಕೆ ಮೊದಲು ಹಂಪಿಯಿಂದ ದೋಣಿಯಲ್ಲಿ ಹೊಳೆ ದಾಟಿದರೆ ಬೇರೊಂದೇ ಲೋಕ. ಗದ್ದೆಗೆ ಮುಖ ಮಾಡಿದ ಹೋಟೆಲುಗಳು, ನೆಲದ ಮೇಲೆ ಗಾದಿ, ಗಾದಿಯ ಮೇಲೆ ದಿನಗಟ್ಟಲೆ ಬಿದ್ದುಕೊಂಡ ಪರದೇಶದವರು. ರಜೆಯಲ್ಲಿ ಅಲ್ಲೊಬ್ಬ ಗೆಳೆಯನ ಹೋಟೆಲಿನಲ್ಲಿ ಹೋಗಿ ಕೂರುತ್ತಿದ್ದೆ. ಹಾಲಿಲ್ಲದ ಚಹಾ, ತುಪ್ಪ ಸವರದ ರೊಟ್ಟಿ ಕೇಳುವ ಒಬ್ಬ ಹುಡುಗಿಯ ಹತ್ತಿರ ಯಾಕೆಂದು ವಿಚಾರಿಸಿದೆ. ವೀಗನ್ ಎಂದಳು. ಮಾಂಸ, ಮೊಟ್ಟೆಯ ಜೊತೆ ಹಾಲು, ಜೇನು, ರೇಷ್ಮೆ, ಚರ್ಮವೂ ಬೇಡ ಎನ್ನುವವರು. 1944ರಲ್ಲೇ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಕೆಲವು ಗೆಳೆಯರು ಇದಕ್ಕಾಗಿ ಸಂಘ ಕಟ್ಟಿದ್ದರು ಎಂದು ವಿವರಿಸಿದಳು. ನಾನು ಹುಲ್ಲು ತುಂಬಿದ ಕರುವಿನ ಸಂಗತಿ ಹೇಳಿದೆ. ಅವಳು ತಟ್ಟೆ ಸರಿಸಿ ಎದ್ದು ಹೋದಳು. ನಾನು ಹಾಲು ಬಿಟ್ಟೆ.

ಬಿಡುವುದು ಅಂಥ ಕಷ್ಟವಾಗಲಿಲ್ಲ. ನಮ್ಮ ಸೀಮೆಯ ಊಟದಲ್ಲಿ ಮುಕ್ಕಾಲು ಪಾಲು ಹೇಗೂ ಹಾಲಿಲ್ಲದ್ದೇ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಬಸ್‌ಸ್ಟ್ಯಾಂಡಿನ ಮಂಡಕ್ಕಿ ಒಗ್ಗರಣೆ, ಮಿರ್ಚಿಯಲ್ಲಿ ಹುಡುಕಿದರೂ ಹಾಲಿನ ಹನಿ ಸಿಗುವುದಿಲ್ಲ. ಮಜ್ಜಿಗೆ ಮಾತ್ರ ಬಹಳ ಕಾಲ ಕಾಡಿತು.

ಕಷ್ಟವಾಗಲಿಲ್ಲವೇನು, ಸುಖವೇ ಆಯಿತು. ಮದುವೆ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬಡಿಸಲು ಬಂದವನ ಕೈ ತಡೆಯಬೇಕು, ಪಕ್ಕದವರು ‘ಯಾಕ್ರೀ, ಶುಗರ್ರಾ?’ ಎನ್ನಬೇಕು, ನಾನು ಮೊದಲಿನಿಂದ ಶುರು ಮಾಡಬೇಕು. ನಾನು ಮುಗಿಸುವಷ್ಟರಲ್ಲಿ ಅವರ ಹೋಳಿಗೆ ಆರಿರುತ್ತಿತ್ತು. ‘ನಾವು ಶುದ್ಧ ಸಸ್ಯಾಹಾರಿಗಳು’ ಎನ್ನುವ ನಮ್ಮ ನೆಂಟರನ್ನು ಕಂಡರಂತೂ ಬಿಡುತ್ತಿರಲಿಲ್ಲ. ಕರುವಿನ ಪಾಲು ಕುಡಿದು ಶುದ್ಧಿಯ ಮಾತಾಡುತ್ತೀರಲ್ಲ ಎಂದು ಹಂಗಿಸುತ್ತಿದ್ದೆ. ಅವ್ವ ಒಂದು ದಿನ ರೊಟ್ಟಿ ಬಡಿಯುತ್ತ ಅಂದಳು: ‘ಹಾಲು ಬಿಟ್ಟಿ, ಛಲೋ ಆತಪ್ಪ. ಬಿಟ್ಟೀನಿ ಅಂತ ಹೇಳಾದು ಯಾವಾಗ ಬಿಡ್ತಿ?’

ನಗು ಬಂತು, ಬುದ್ಧಿ ಬರಲಿಲ್ಲ. ಅದೇ ಹಂಗಾಮಿನಲ್ಲಿ ನಮ್ಮ ಗದ್ದೆಗೆ ನಾಟಿ ಹಚ್ಚಲು ಬಂದ ಹೆಣ್ಣಾಳುಗಳ ಮೇಸ್ತ್ರಿ ಎಕರೆಗೆ ಇನ್ನೂರು ರೂಪಾಯಿ ಹೆಚ್ಚಿಗೆ ಕೇಳಿದಳೆಂದು ಬದುವಿನ ಮೇಲೆ ನಿಂತು ಜಗಳವಾಡಿದ್ದೆ. ಕಂದು ಜಿಗಿಹುಳು ಬಿದ್ದಾಗ ಎಣ್ಣೆ ಹೊಡೆಯಲು ಬಂದ ಹುಡುಗ ಮೂಗಿಗೆ ಬರೀ ಒಂದು ಟವೆಲ್ ಕಟ್ಟಿಕೊಂಡಿದ್ದ. ಸಂಜೆ ಅವನಿಗೆ ಕಣ್ಣು ಉರಿ, ವಾಂತಿ. ದುಡ್ಡು ಕೊಟ್ಟು ಕಳಿಸಿದೆ. ರಾತ್ರಿ ಮನೆಗೆ ಬಂದು, ಡೇರಿ ಹಸುಗಳ ಪಾಡಿನ ಬಗ್ಗೆ ಒಂದು ವಿಡಿಯೊ ನೋಡಿ ಕಣ್ಣೀರು ಹಾಕಿದೆ. ಆ ಕಣ್ಣೀರು ಸುಳ್ಳಿನದಲ್ಲ. ಆದರೆ ಒಂದು ದೊಡ್ಡ ಒಳ್ಳೆಯ ಕೆಲಸ ಮಾಡಿ ಕೈತೊಳೆದುಕೊಂಡಿದ್ದೇನೆ ಎನಿಸಿಬಿಟ್ಟರೆ ಉಳಿದ ಲೆಕ್ಕಗಳನ್ನು ಯಾರೂ ಕೇಳುವುದಿಲ್ಲ, ನಾವೂ ಕೇಳಿಕೊಳ್ಳುವುದಿಲ್ಲ.

2021ರ ಡಿಸೆಂಬರಿನಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಬಂತು. ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ ಮಕ್ಕಳ ಅಪೌಷ್ಟಿಕತೆ, ರಕ್ತಹೀನತೆ ಹೆಚ್ಚು ಎಂಬ ಕಾರಣಕ್ಕೆ 1ರಿಂದ 8ನೇ ತರಗತಿವರೆಗೆ ಬೇಯಿಸಿದ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಹಲವು ಮಠಾಧೀಶರು ವಿರೋಧಿಸಿದರು. ಕಂಪ್ಲಿ ಸೇತುವೆ ದಾಟಿದರೆ ಸಿಗುವ ಗಂಗಾವತಿಯಲ್ಲಿ ಶಾಲಾ ಹುಡುಗಿಯೊಬ್ಬಳು, ಮೊಟ್ಟೆ ಬೇಡ ಅನ್ನುವುದಾದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಗದರಿದ ವಿಡಿಯೊ ನಾಡೆಲ್ಲ ಓಡಾಡಿತು. ನಾನೂ ನೋಡಿ ಚಪ್ಪಾಳೆ ತಟ್ಟಿದೆ. ಮಠದವರ ವಾದ ನನಗೆ ಒಪ್ಪಿಗೆಯಿರಲಿಲ್ಲ. ಅದು ಜಾತಿಯ ಮಡಿ, ನನ್ನದು ಕರುಣೆ ಎಂದು ನಂಬಿದ್ದೆ. ಇಬ್ಬರದ್ದೂ ಬೇರೆ ಬೇರೆ ದಾರಿ. ಆ ದಾರಿಗಳು ಹೋಗಿ ಕೂಡುವುದು ಮಗುವಿನ ತಟ್ಟೆಯಲ್ಲೇ, ಅಲ್ಲಿ ಎರಡರಿಂದಲೂ ಸಿಗುವುದು ಒಂದೇ ಬಾಳೆಹಣ್ಣು ಎನ್ನುವುದು ತಲೆಗೆ ಹೋಗಲಿಲ್ಲ.

ಯಾರು ಮೊಟ್ಟೆ ತಿನ್ನುತ್ತಾರೆ, ಯಾರು ಬಾಳೆಹಣ್ಣು ಎಂದು ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಪಾಲಕರನ್ನು ಕೇಳಿ ಬರೆದುಕೊಳ್ಳಬಹುದಿತ್ತು. ನಾನು ಏಳನೇ ತರಗತಿಗೆ ಹೋಗಿ, ಪಟ್ಟಿಗೆ ಮೊದಲು ಒಂದು ಕಥೆ ಹೇಳಿದೆ. ಮೊಟ್ಟೆಯೊಳಗೆ ಒಂದು ಪುಟ್ಟ ಕೋಳಿಮರಿ ಮಲಗಿರುತ್ತದೆ, ಕಣ್ಣು ಬಿಡುವ ಮೊದಲೇ ಅದನ್ನು ಕುದಿವ ನೀರಿಗೆ ಹಾಕುತ್ತಾರೆ, ಅದರ ಅವ್ವ ಹುಡುಕುತ್ತಿರುತ್ತದೆ. ಕಥೆ ಹೇಳುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ. ಮುಂದಿನ ಸಾಲಿನ ಒಬ್ಬ ಹುಡುಗನ ಕಣ್ಣು ತುಂಬಿದವು.

ಹಿಂದಿನ ಸಾಲಿನಿಂದ ಒಂದು ಕೈ ಎದ್ದಿತು. ಹುಲಿಗೆಮ್ಮ ಅನ್ನೋಣ, ಹೆಸರು ಬದಲಿಸಿದ್ದೇನೆ. ಅವಳ ಅವ್ವ ನಾಟಿ ಕೆಲಸಕ್ಕೆ ಹೋಗುವವಳು; ಮನೆಯಲ್ಲಿ ಮೂರ್ನಾಲ್ಕು ಜವಾರಿ ಕೋಳಿ.

‘ಸಾರ್, ಫಾರಂನಾಗ ಹುಂಜಾನ ಇರಲ್ಲ. ಹುಂಜ ಇಲ್ಲದಂಗ ಮರಿ ಹೆಂಗ ಬರ್ತೈತಿ?’

ಅವಳು ಹೇಳಿದ್ದು ಸರಿ. ಮೊಟ್ಟೆ ಕೋಳಿಗಳ ಶೆಡ್ಡಿನಲ್ಲಿ ಹುಂಜ ಸಾಕುವುದಿಲ್ಲ, ಅಂಗಡಿಗೆ ಬರುವ ಮೊಟ್ಟೆ ಗರ್ಭ ಕಟ್ಟಿದ್ದಲ್ಲ, ಎಷ್ಟು ಕಾವು ಕೊಟ್ಟರೂ ಅದರಿಂದ ಮರಿ ಬಾರದು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದೆ. ಅದೇ ತರಗತಿಗೆ ನಿಷೇಚನೆಯ ಪಾಠ ಮಾಡುವವನು ನಾನೇ.

‘ಕೂತ್ಕೊ. ಎಲ್ಲದಕ್ಕೂ ಎದುರು ಮಾತಾಡಬ್ಯಾಡ,’ ಅಂದೆ.

ಆಮೇಲೆ ಕೇಳಿದೆ, ಮೊಟ್ಟೆ ಯಾರಿಗೆ, ಕೈ ಎತ್ತಿ. ಅಲ್ಲೊಂದು ಇಲ್ಲೊಂದು ಕೈ ಅರ್ಧಕ್ಕೆ ಎದ್ದು ನನ್ನ ಮುಖ ನೋಡಿ ಇಳಿದವು. ಬಾಳೆಹಣ್ಣು ಯಾರಿಗೆ? ತರಗತಿಯ ತುಂಬ ಕೈ. ಹುಲಿಗೆಮ್ಮ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ತಾನೂ ಎತ್ತಿದಳು. ಮುಖ್ಯೋಪಾಧ್ಯಾಯರಿಗೆ ಪಟ್ಟಿ ಕೊಟ್ಟೆ. ಅವರು ಕಣ್ಣಾಡಿಸಿ, ಈ ಊರಲ್ಲಿ ಇಷ್ಟು ಸಸ್ಯಾಹಾರಿಗಳಿದ್ದಾರೆಯೇ ಎಂದು ಹುಬ್ಬೇರಿಸಿ, ಸಹಿ ಹಾಕಿದರು. ನಾನು ಬೆಂಗಳೂರಿನ ವೀಗನ್ ಗೆಳೆಯನಿಗೆ ಫೋನು ಮಾಡಿ ಸಂಭ್ರಮದಿಂದ ಹೇಳಿದೆ. ನೀವು ಮಾಡಿದ್ದು ದೊಡ್ಡ ಕೆಲಸ ಎಂದ.

ಇಲ್ಲೊಂದು ಮಾತು. ಕೋಳಿಗಳ ಪರವಾಗಿ ಹೇಳಲು ನಿಜದಲ್ಲೇ ಬೇಕಾದಷ್ಟಿದೆ. ಪಂಜರದಲ್ಲಿ ಒಂದು ಕೋಳಿಗೆ ಸಿಗುವ ಜಾಗ ಒಂದು ಎ4 ಹಾಳೆಯಷ್ಟೂ ಇರುವುದಿಲ್ಲ. ರೆಕ್ಕೆ ಬಿಚ್ಚಲಾಗದು, ಮಣ್ಣಲ್ಲಿ ಹೊರಳಲಾಗದು, ಗೂಡು ಮಾಡಲಾಗದು. ಒಂದನ್ನೊಂದು ಕುಕ್ಕದಿರಲಿ ಎಂದು ಕೊಕ್ಕಿನ ತುದಿ ಸುಡುತ್ತಾರೆ. ಮೊಟ್ಟೆಯಿಡದ ಜಾತಿ ಎಂದು ಗಂಡುಮರಿಗಳನ್ನು ಹುಟ್ಟಿದ ದಿನವೇ ಬೇರ್ಪಡಿಸುತ್ತಾರೆ, ಬಹುಪಾಲು ಕೊಲ್ಲುತ್ತಾರೆ. ಇಷ್ಟು ನಿಜ ಕೈಯಲ್ಲಿದ್ದೂ ನಾನು ಸುಳ್ಳನ್ನೇ ಆರಿಸಿಕೊಂಡೆ. ಯಾಕೆಂದರೆ ನಿಜ ಹೇಳಿದರೆ ಮಕ್ಕಳು ಯೋಚಿಸಬೇಕಾಗುತ್ತದೆ. ಯೋಚಿಸಿದವರು ನನಗೆ ಬೇಡದ ಉತ್ತರ ಕೊಡಬಹುದು. ನನಗೆ ಬೇಕಿದ್ದದ್ದು ಕೈಗಳು.

ಮುಂದಿನ ವರ್ಷವೇ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಯಾದಗಿರಿಯ ಮಕ್ಕಳ ಎತ್ತರ, ತೂಕ ಅಳೆದು, ಮೊಟ್ಟೆ ಸಿಕ್ಕವರ ಬೆಳವಣಿಗೆ ಚೆನ್ನಾಗಿದೆ ಎಂದಿತು. ಪತ್ರಿಕೆಯಲ್ಲಿ ಓದಿ ಪುಟ ತಿರುಗಿಸಿದೆ. ಮೊಟ್ಟೆಯಿಲ್ಲದೆಯೂ ಮಕ್ಕಳನ್ನು ಬೆಳೆಸಬಹುದು, ಅದೂ ಸುಳ್ಳಲ್ಲ. ದಿನಾ ಕಾಳು, ಬೇಳೆ, ಸೋಯಾ, ಶೇಂಗಾ ಲೆಕ್ಕ ಹಾಕಿ ಉಣಿಸಬೇಕು, ಜೊತೆಗೆ ಬಿ12. ಹುಲಿಗೆಮ್ಮನ ಮನೆಯಲ್ಲಿ ಆ ಲೆಕ್ಕ ಹಾಕುವವರು ಯಾರು? ಅವಳ ಅವ್ವ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಟಂಟಂ ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು, ಬಾಳೆಹಣ್ಣಿನಲ್ಲಿ 1 ಗ್ರಾಂ. ಇದನ್ನು ಬೋರ್ಡಿನ ಮೇಲೆ ಬರೆಸಿದವನೂ ನಾನೇ.

ನನ್ನ ಬಿ12 ಕಥೆ ಬೇರೆ. ಪಾದದಲ್ಲಿ ಜೋಮು, ಸುಸ್ತು. ಹೊಸಪೇಟೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಹಾಲೂ ಬಿಟ್ಟ ಮೇಲೆ ಇದು ಎಲ್ಲಿಂದ ಬರಬೇಕು ಎಂದು ಗುಳಿಗೆ ಬರೆದುಕೊಟ್ಟರು. ಗಿಡದಿಂದ ಬರುವ ಯಾವ ಆಹಾರದಲ್ಲೂ ಅದು ನಂಬುವಷ್ಟು ಸಿಗುವುದಿಲ್ಲ. ವೀಗನ್ ಆದವರು ಗುಳಿಗೆಯನ್ನೋ ಬಿ12 ಬೆರೆಸಿದ ಆಹಾರವನ್ನೋ ನೆಚ್ಚಬೇಕು. ಗುಳಿಗೆ ಪಟ್ಟಿ ಅಂಗಿ ಜೇಬಿನಲ್ಲಿಟ್ಟುಕೊಂಡು ದಿನಾ ಶಾಲೆಯ ಕಟ್ಟೆಯ ಮೇಲೆ ಊಟ ಮಾಡಿ ಒಂದು ನುಂಗುತ್ತಿದ್ದೆ. ಒಂದು ಮಧ್ಯಾಹ್ನ ಹುಲಿಗೆಮ್ಮ ನೀರಿನ ಲೋಟ ತಂದವಳು ನಿಂತಳು.

‘ದಿನಾ ಯಾವ ಗುಳಿಗಿ ನುಂಗ್ತೀರಿ ಸಾರ್? ಶುಗರ್ ಐತೇನು?’

‘ಇಲ್ಲ. ವಿಟಮಿನ್.’

‘ಅದು ಊಟದಾಗ ಸಿಗಲ್ಲೇನು?’

‘ನನ್ನ ಊಟದಾಗ ಸಿಗಲ್ಲ.’

‘ಮತ್ತ ಎದರಾಗ ಸಿಗತೈತಿ?’

ಹಾಲು ಅಂದೆ. ಮೀನು, ಮಾಂಸ ಅಂದೆ. ಕೊನೆಗೆ ಮೊಟ್ಟೆ ಅಂದೆ. ಅವಳು ಮುಖದಲ್ಲೇನೂ ತೋರಿಸಲಿಲ್ಲ. ‘ಗುಳಿಗಿಗೆ ಎಷ್ಟು ಸಾರ್?’ ಎಂದು ಕೇಳಿದಳು. ಹೇಳಿದೆ. ‘ಒಂದಕ್ಕಾ?’ ಅಂದಳು. ಲೋಟ ತೆಗೆದುಕೊಂಡು ಹೋದಳು.

ಬಿಸಿಯೂಟದ ಅಕ್ಕ ಅಲ್ಲೇ ಹಂಡೆ ತಿಕ್ಕುತ್ತಿದ್ದಳು. ಗಂಡ ತೀರಿದ ಮೇಲೆ ಈ ಕೆಲಸಕ್ಕೆ ಸೇರಿದವಳು, ನನಗಿಂತ ಹಿರಿಯಳು. ತಲೆ ಎತ್ತದೆ ಮಾತಾಡಿದಳು.

‘ಮೊದಲನೇ ದಿನ ಮೊಟ್ಟಿ ಬರ್ತಾವಂತ ಹುಡುಗ್ರು ಮುಂಜಾನಿಯಿಂದ ಒಲಿ ಹತ್ರ ಸುಳಿದಾಡಿದ್ವು ಸಾರ್. ನಿಮ್ಮ ಕ್ಲಾಸಿಂದ ಬಾಳೆಹಣ್ಣಿನ ಚೀಟಿ ಬಂತು. ಆ ಹುಡುಗಿ ಕೈ ಎತ್ತಿದ್ದು ಹಣ್ಣಿಗಲ್ಲ, ನಿಮಗ.’

ನಾನು ಜೀವಹಿಂಸೆ ಎಂದು ಏನೋ ಶುರು ಮಾಡಿದೆ.

‘ಇರ್ಲಿ ಸಾರ್. ನೀವು ಬಿಟ್ಟಿರಾದು ಹಾಲಲ್ಲೇನು? ಮುಂಜಾನಿ ಹಾಲು ಹಾಕೋ ಮುಂದ ಹುಡುಗ್ರಿಗೆ ಯಾಕ ಏನೂ ಹೇಳಲ್ಲ?’

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಚೆಂದದ ಉತ್ತರವಿಲ್ಲ. 2013ರಿಂದ ಕ್ಷೀರಭಾಗ್ಯ ನಡೆದಿದೆ. ನಂದಿನಿ ಹಾಲಿನ ಪುಡಿ ಬಿಸಿನೀರಿಗೆ ಕಲಸಿ ಲೋಟಕ್ಕೆ ಸುರಿಯುವಾಗ ನಾನು ಎಷ್ಟೋ ಸಲ ಸೌಟು ಹಿಡಿದಿದ್ದೇನೆ. ಹುಲ್ಲು ತುಂಬಿದ ಕರು ಕಂಡು ಹಾಲು ಬಿಟ್ಟವನು ಮಕ್ಕಳ ಎದುರು ಆ ಕರುವಿನ ಸುದ್ದಿ ಎತ್ತಲಿಲ್ಲ. ಎತ್ತಿದರೆ ಏನಾಗುತ್ತದೆ ಎಂದು ಮೈಗೇ ಗೊತ್ತಿತ್ತು. ಹಾಲಿನ ಸೊಸೈಟಿಯವರು ಊರಿನ ದೊಡ್ಡವರು, ಅರ್ಧಕ್ಕರ್ಧ ನಮ್ಮವರು, ಶಾಲೆಯ ಎಸ್‌ಡಿಎಂಸಿಯಲ್ಲಿ ಕೂರುವವರು. ಮೊಟ್ಟೆಗೆ ಅಂಥ ದಿಕ್ಕಿರಲಿಲ್ಲ. ಅದನ್ನು ತಿನ್ನುವವರು ಕೇರಿಯ ಮಕ್ಕಳು, ಕೂಲಿಯವರ ಮಕ್ಕಳು. ಅವರ ಅವ್ವಂದಿರು ಶಾಲೆಗೆ ಬಂದು ಮೇಷ್ಟ್ರ ಮುಂದೆ ನಿಂತು ಕೇಳುವವರಲ್ಲ. ಜಾತಿ ನನ್ನಿಂದ ಬಿಟ್ಟುಹೋಗಿದೆ ಎಂದುಕೊಂಡಿದ್ದೆ. ನನ್ನ ಅಹಿಂಸೆ ಯಾರ ಮನೆ ಬಾಗಿಲು ತಟ್ಟಬೇಕು, ಯಾರದನ್ನು ದಾಟಿ ಹೋಗಬೇಕು ಎಂದು ಅದೇ ನಿಂತು ದಾರಿ ತೋರಿಸುತ್ತಿತ್ತು.

ಗಾಂಧೀಜಿಯ ಆತ್ಮಕಥೆಯಲ್ಲಿ ಒಂದು ಪ್ರಸಂಗವಿದೆ. 1902ರ ಸುಮಾರಿಗೆ ಮುಂಬಯಿಯಲ್ಲಿ ಹತ್ತು ವರ್ಷದ ಮಗ ಮಣಿಲಾಲನಿಗೆ ವಿಷಮಶೀತಜ್ವರ, ಜೊತೆಗೆ ನ್ಯುಮೋನಿಯ. ಪಾರ್ಸಿ ಡಾಕ್ಟರು ಮೊಟ್ಟೆ, ಕೋಳಿ ಸಾರು ಕೊಡಿ ಎಂದರು. ಗಾಂಧೀಜಿ ಒಪ್ಪಲಿಲ್ಲ, ತೊಟ್ಟಿ ಸ್ನಾನ, ಒದ್ದೆ ಬಟ್ಟೆಯ ಚಿಕಿತ್ಸೆ ಮಾಡಿದರು. ಮಗ ಉಳಿದ. ನಾನು ಇದನ್ನು ಮೊದಲು ಓದಿದಾಗ ಕಣ್ಣಿಗೆ ಬಿದ್ದದ್ದು ಮಗ ಉಳಿದದ್ದು, ಹಟ ಗೆದ್ದದ್ದು. ಅಕ್ಕ ಆ ಮಾತು ಆಡಿದ ಮೇಲೆ ತೆಗೆದು ಮತ್ತೆ ಓದಿದೆ. ಡಾಕ್ಟರು ಹೇಳಿದ್ದನ್ನು ಮಗನಿಗೆ ತಿಳಿಸಿದರಂತೆ, ಅವನೂ ಮೊಟ್ಟೆ, ಸಾರು ಬೇಡವೆಂದನಂತೆ, ತಂದೆಗೆ ಸಂತೋಷವಾಯಿತಂತೆ. ಅದರ ಬೆನ್ನಿಗೇ ಗಾಂಧೀಜಿ ಇನ್ನೊಂದು ಮಾತನ್ನೂ ಬರೆದಿಟ್ಟಿದ್ದಾರೆ: ನಾನು ಕೊಟ್ಟಿದ್ದರೆ ಅವನು ಅದನ್ನೂ ತೆಗೆದುಕೊಳ್ಳುತ್ತಿದ್ದ ಎನ್ನುವುದು ನನಗೆ ಗೊತ್ತಿತ್ತು ಎಂಬ ಅರ್ಥದ್ದು. ಮಗುವಿನ ಒಪ್ಪಿಗೆ ಎಷ್ಟು ಹಗುರ ಎಂಬುದನ್ನು ಆ ಸಂತೋಷದ ನಡುವೆಯೂ ಅವರು ಮರೆಯಲಿಲ್ಲ. ನಾನು ಅಂಥದೇ ಒಪ್ಪಿಗೆಯನ್ನು ಪಟ್ಟಿ ಮಾಡಿ, ಸಹಿ ಹಾಕಿಸಿ, ಬೆಂಗಳೂರಿಗೆ ಫೋನು ಮಾಡಿದ್ದೆ.

ಅವರು ಮುಂದೆ, 1912ರಲ್ಲಿ, ಹಸು ಎಮ್ಮೆಗಳ ಮೇಲಿನ ಕ್ರೌರ್ಯದ ಸಂಗತಿ ತಿಳಿದು ಹಾಲನ್ನೇ ಬಿಟ್ಟರು. ಕಾಯಿಲೆ ಬಿದ್ದು ಸಾಯುವ ಹಾಗಾದಾಗ ಕಸ್ತೂರಬಾ ಮೇಕೆ ಹಾಲಿನ ದಾರಿ ತೋರಿಸಿದರು. ಕುಡಿದರು. ವ್ರತದ ಅಕ್ಷರ ಉಳಿಸಿಕೊಂಡೆ, ಆತ್ಮ ಉಳಿಸಿಕೊಳ್ಳಲಿಲ್ಲ ಎಂದು ಕೊನೆಯವರೆಗೂ ನೊಂದರು. ಅಂಥವರಿಗೂ ತಟ್ಟೆ ಪೂರ್ತಿ ತೊಳೆಯಲಾಗಲಿಲ್ಲ ಎಂದು ನನಗೊಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಅವರು ಸೋತದ್ದು ತಮ್ಮ ತಟ್ಟೆಯಲ್ಲಿ. ನಾನು ಗೆದ್ದದ್ದು ಬೇರೆಯವರ ತಟ್ಟೆಯಲ್ಲಿ.

ಬಿಸಿಯೂಟಕ್ಕೆ ಮೊಟ್ಟೆ ಬಂದ ಆ ವರ್ಷದ ಶಾಲಾ ಆರೋಗ್ಯ ತಪಾಸಣೆಯಲ್ಲಿ ನಮ್ಮ ಏಳನೇ ತರಗತಿಯ ಹಲವು ಹೆಣ್ಣುಮಕ್ಕಳ ರೆಪ್ಪೆ ಬಿಳಿಚಿರುವುದನ್ನು ಡಾಕ್ಟರು ಗುರುತು ಹಾಕಿದರು. ಹುಲಿಗೆಮ್ಮನ ಹೆಸರೂ ಇತ್ತು. ಬಾಳೆಹಣ್ಣಿನಿಂದ ಹಾಗಾಯಿತೆಂದು ಯಾರೂ ಅನ್ನಲಿಲ್ಲ, ನಾನೂ ಅನ್ನುವುದಿಲ್ಲ. ಪಕ್ಕದ ಶಾಲೆಗಳಲ್ಲಿ ಮೊಟ್ಟೆ ತಿಂದವರಲ್ಲೂ ಅಂಥವರಿದ್ದರು. ಆದರೂ ಡಾಕ್ಟರು ‘ಮೊಟ್ಟೆ ಕೊಡ್ತೀರಲ್ಲ, ತಿಂತಾಳಾ?’ ಎಂದು ನನ್ನತ್ತ ತಿರುಗಿದಾಗ, ಪಟ್ಟಿ ನೋಡಿ ಹೇಳುತ್ತೇನೆ ಎಂದೆ.

ಪಟ್ಟಿ ನೋಡುವುದೇನಿತ್ತು.

ಮಾರನೆಯ ದಿನ ಏಳನೇ ತರಗತಿಯಲ್ಲಿ ನಿಂತು, ಮೊಟ್ಟೆಯೊಳಗಿನ ಮರಿಯ ಕಥೆ ಸುಳ್ಳು, ಹುಲಿಗೆಮ್ಮ ಕೇಳಿದ್ದು ಸರಿ, ಬೇಕಂತಲೇ ಸುಳ್ಳು ಹೇಳಿದೆ ಅಂದೆ. ಹುಡುಗರು ಕಿಸಕ್ಕನೆ ನಕ್ಕರು. ಮೇಷ್ಟ್ರು ಸುಳ್ಳು ಹೇಳುವುದು ಅವರಿಗೆ ಅಂಥ ಆಘಾತದ ಸಂಗತಿಯೇನೂ ಅಲ್ಲವೆಂದು ತೋರುತ್ತದೆ. ಪಂಜರದ ಅಳತೆ ಹೇಳಿದೆ. ಎ4 ಹಾಳೆ ಕೊಟ್ಟು ಕೋಳಿಯ ಚಿತ್ರ ಬರೆಸಿದೆ. ಗಂಡುಮರಿಗಳ ವಿಷಯವನ್ನೂ ಹೇಳಿದೆ. ಬೈಕಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಗುಲಾಬಿ, ಹಸಿರು ಬಣ್ಣದ ಕೋಳಿಮರಿ ಮಾರುತ್ತಾರಲ್ಲ, ಅವುಗಳಲ್ಲಿ ಅನೇಕವು ಹಾಗೆ ಬೇಡವಾದ ಮರಿಗಳೇ ಎಂದಾಗ ಇಡೀ ತರಗತಿ ಎದ್ದು ಕೂತಿತು; ಎಲ್ಲರ ಮನೆಯಲ್ಲೂ ಒಂದೊಂದು ಗುಲಾಬಿ ಮರಿ ಸತ್ತಿತ್ತು. ಮೊಟ್ಟೆಯಲ್ಲಿ ಏನೇನಿದೆ, ನಾನು ಗುಳಿಗೆ ಯಾಕೆ ನುಂಗುತ್ತೇನೆ, ಅದನ್ನೂ ಹೇಳಿದೆ. ಕೈ ಎತ್ತಿಸಲಿಲ್ಲ. ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದು ಚೀಟಿ ಕೊಟ್ಟು ಕಳಿಸಿದೆ.

ಹೊಸ ಪಟ್ಟಿ ಹಳೆಯದಕ್ಕೆ ತಿರುಗಾಮುರುಗ. ಬಾಳೆಹಣ್ಣಿಗೆ ಉಳಿದವರು ಕೆಲವರೇ, ಅವರಲ್ಲೊಬ್ಬ ಅವತ್ತು ಕಣ್ಣು ತುಂಬಿಕೊಂಡಿದ್ದ ಹುಡುಗ. ಮನೆಯಲ್ಲಿ ತಿನ್ನುತ್ತಾರೆ, ಅವನಿಗೆ ಮನಸ್ಸಿಲ್ಲ. ಅವನ ವಿಷಯದಲ್ಲಿ ನನಗೆ ಒಳಗೊಳಗೇ ಖುಷಿಯಾದದ್ದನ್ನು ಮುಚ್ಚಿಡುವುದಿಲ್ಲ. ಹುಲಿಗೆಮ್ಮ ಮೊಟ್ಟೆ ಎಂದು ಬರೆಸಿಕೊಂಡು ಬಂದಳು. ಪಂಜರದ ಕೋಳಿದಾದರೆ ಪಾಪವಲ್ಲವೇನೇ ಎಂದೆ, ತಮಾಷೆಗೆ. ‘ಹಂಗಾದ್ರ ನಮ್ಮನಿ ಜವಾರಿ ಮೊಟ್ಟಿನ ಸಾಲಿಗೆ ತಗೊಳ್ರಿ ಸಾರ್. ಎಷ್ಟು ಕೊಡ್ತೀರಿ?’ ಸರ್ಕಾರ ಒಂದಕ್ಕೆ 6 ರೂಪಾಯಿ ಕೊಡುತ್ತದೆ, ಬೇಯಿಸುವ ಖರ್ಚೂ ಅದರಲ್ಲೇ ಎಂದೆ. ‘ಆರಕ್ಕ ಯಾರು ಕೊಡ್ತಾರ?’ ಎಂದು ನಕ್ಕು ಹೋದಳು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ವಾರಕ್ಕೆ 6 ದಿನವೂ ಮೊಟ್ಟೆ ಬರುತ್ತಿದೆ. ಅವಳು ಅಷ್ಟರಲ್ಲಿ ಕಂಪ್ಲಿಯ ಹೈಸ್ಕೂಲಿಗೆ ಹೋಗಿದ್ದಳು.

ನಾನು ಈಗಲೂ ಹಾಲು ಮುಟ್ಟುವುದಿಲ್ಲ, ಗುಳಿಗೆ ನುಂಗುತ್ತೇನೆ. ಬೆಂಗಳೂರಿನ ಗೆಳೆಯ, ನೀವು ಕೋಳಿಗಳನ್ನು ಮಾರಿಬಿಟ್ಟಿರಿ ಎಂದು ಬಯ್ದ. ಅವನ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ನಾನು ಬದಲಿಸಿದ ಆ ಪಟ್ಟಿಯಿಂದ ಶೆಡ್ಡಿನಲ್ಲಿ ಯಾವ ಕೋಳಿಗೂ ಒಳ್ಳೆಯದಾಗಿಲ್ಲ. ಹಾಲು ಬಿಟ್ಟದ್ದು ನನ್ನನ್ನು ಒಳ್ಳೆಯವನನ್ನಾಗಿ ಮಾಡಿತೇ ಎಂದು ಯಾರಾದರೂ ಕೇಳಿದರೆ, ನಮ್ಮ ಗದ್ದೆಗೆ ನಾಟಿ ಹಚ್ಚುವ ಮೇಸ್ತ್ರಿಯನ್ನು ಕೇಳಿ ಎನ್ನುತ್ತೇನೆ. ಅವಳು ಈಗ ಕೇಳಿದ್ದು ಸಿಗುತ್ತದೆ ಎನ್ನುತ್ತಾಳೆ. ಅದು ನಾನು ಸುಧಾರಿಸಿದ್ದಕ್ಕೋ ಆಳು ಸಿಗದೆ ಇರುವುದಕ್ಕೋ, ಅವಳಿಗೂ ಅನುಮಾನ.

ಅಕ್ಕ ಕೇಳಿದ್ದಕ್ಕೆ ಉತ್ತರ ಕೊಡಲು ತಡವಾಯಿತು. ಕಳೆದ ವರ್ಷ ಪ್ರಾಣಿಗಳ ಪಾಠ ಬಂದಾಗ, ಎಮ್ಮೆ ಹಾಲು ಕೊಡಲು ಕರು ಹಾಕಲೇಬೇಕು, ಆ ಗಂಡುಗರುಗಳು ಆಮೇಲೆ ಎಲ್ಲಿ ಹೋಗುತ್ತವೆ, ನಿಮ್ಮ ಹಟ್ಟಿಯಲ್ಲಿ ಎಣಿಸಿಕೊಂಡು ಬನ್ನಿ ಎಂದೆ. ನಮ್ಮ ಮನೆಯ ಹುಲ್ಲುಗರುವಿನ ಸಂಗತಿಯನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಕುಡಿಯಿರಿ ಎನ್ನಲಿಲ್ಲ, ಬಿಡಿ ಎನ್ನಲಿಲ್ಲ. ಮೊಟ್ಟೆಯ ಸುಳ್ಳಿಗೆ ಅಷ್ಟು ದಿನವಾದರೂ ಯಾರೂ ಶಾಲೆಯ ಗೇಟು ದಾಟಿ ಬಂದಿರಲಿಲ್ಲ. ಇದಕ್ಕೆ ಮಾರನೆಯ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಮೊದಲೇ ಹಾಲಿನ ಸೊಸೈಟಿಯ ಒಬ್ಬ ಹಿರಿಯರು ಬಂದು ಕೂತಿದ್ದರು. ಬಲು ಸೌಮ್ಯ ಮನುಷ್ಯ, ದೂರದ ನೆಂಟರೂ ಹೌದು.

‘ಸಣ್ಣ ಹುಡುಗ್ರ ತಲಿಯಾಗ ಇವೆಲ್ಲ ಯಾಕ ಹಾಕ್ತೀರಿ ಮೇಷ್ಟ್ರೆ? ಹಾಲು ಕುಡಿಯೋ ಮಕ್ಕಳು,’ ಎಂದರು. ನಾನು ನಿಜವನ್ನೇ ಹೇಳಿದ್ದೇನೆ ಎಂದೆ. ಅವರು ತಲೆಯಾಡಿಸಿದರು, ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದರು, ಬಾಗಿಲಲ್ಲಿ ನಿಂತು ತಿರುಗಿದರು.

‘ಹಿಂದ ಮೊಟ್ಟಿ ಬಗ್ಗೆ ಹೇಳ್ತಿದ್ರಲ್ಲ, ಒಳಗ ಮರಿ ಇರ್ತೈತಿ ಅಂತ. ಅದು ಭಾಳ ಛಲೋ ಇತ್ತು ನೋಡ್ರಿ. ಅದನ್ನ ಯಾಕ ಬಿಟ್ರಿ?’